ಕಾಲಮಿತಿ ಅರಿಯದ ಕಾಯಿಲೆ

2020ರ ಮಾರ್ಚ್ 23ರಂದು ಸರ್ವೋಚ್ಚ ನ್ಯಾಯಾಲಯವು ಸ್ವಯಂಪ್ರೇರಣೆಯಿಂದ ಪ್ರಕರಣವೊಂದನ್ನು ಕೈಗೆತ್ತಿಕೊಂಡು, ದಾವೆ, ಮೇಲ್ಮನವಿ, ಅರ್ಜಿಗಳನ್ನು ಸಲ್ಲಿಸುವ ಕಾಲಮಿತಿಯನ್ನು ಮಾರ್ಚ್ 15ರಿಂದಲೇ ಅನ್ವಯವಾಗುವಂತೆ ವಿಸ್ತರಿಸಿತು. ಕೊರೊನಾದ ಕಾರಣದಿಂದ ಮನೆಬಿಟ್ಟು ಹೊರಡಲಾಗದ ಕಕ್ಷಿಗಾರನು ತನ್ನ ಹಕ್ಕನ್ನು ಕಳೆದುಕೊಳ್ಳಬಾರದೆಂಬುದೇ ಅದರ ಆಶಯ. ಆ ರಕ್ಷಣೆ ಕೊನೆಗೆ 2022ರ ಫೆಬ್ರುವರಿ 28ರವರೆಗೂ ದೊರೆಯಿತು. ನ್ಯಾಯಾಲಯದ ಗಡುವನ್ನು ಹೀಗೆ ಮುಂದೂಡಬಹುದು. ಯಕೃತ್ತಿನೊಳಗೆ ಮನೆಮಾಡಿಕೊಂಡ ವೈರಾಣುವಿಗೆ ಅಂಥ ಆದೇಶ ಮುಟ್ಟುವುದಿಲ್ಲ.

ಹೆಪಟೈಟಿಸ್ ಬಿ ಮತ್ತು ಸಿ ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತನ್ನು ಕೆಡಿಸುವ ಕಾಯಿಲೆಗಳು. ಚಿಕಿತ್ಸೆ ಅಗತ್ಯವಾದ ಬಿ ರೋಗಿಗಳು ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆಯನ್ನು ದಿನಕ್ಕೊಂದರಂತೆ ದೀರ್ಘಕಾಲ ನುಂಗಬೇಕು. ನಡುವೆ ನಿಲ್ಲಿಸಿದರೆ ವೈರಾಣು ಮತ್ತೆ ಹೆಡೆಯೆತ್ತುತ್ತದೆ. ಕೆಲವರಲ್ಲಿ ಯಕೃತ್ತು ಕೆಲಸ ನಿಲ್ಲಿಸುವವರೆಗೂ ಹೋಗುತ್ತದೆ. ಸಿ ಬಗೆಯು ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ಪೂರ್ಣವಾಗಿ ಗುಣವಾಗುವಂಥದ್ದು. ಇವೆರಡಕ್ಕೂ ಉಚಿತ ತಪಾಸಣೆ ಮತ್ತು ಔಷಧ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರವು 2018ರ ಜುಲೈ 28ರಂದು ಆರಂಭಿಸಿತು. ಅದಕ್ಕೆ ಎರಡು ವರ್ಷ ತುಂಬುವ ಮುನ್ನವೇ ದೇಶದ ಬಾಗಿಲು ಮುಚ್ಚಿತು.

ಆ ದಿನಗಳಲ್ಲಿ ಪೆನ್ನಾಗರದ ಕಡೆಯ ಕನ್ನಡಿಗ ರೈತನೊಬ್ಬನ ಪಾಡು ಹೇಗಿದ್ದಿರಬಹುದೆಂದು ಊಹಿಸಿಕೊಳ್ಳುವುದು ಕಷ್ಟವಲ್ಲ. ಅವನು ಬಿ ರೋಗಿ. ಮಾತ್ರೆ ಪಡೆಯುತ್ತಿದ್ದುದು ಸೇಲಂನಲ್ಲಿ ಎನ್ನೋಣ. 2020ರ ಜೂನ್ ತಿಂಗಳಲ್ಲಿ ತಮಿಳುನಾಡು ಸರ್ಕಾರವು ಬಸ್ ಸಂಚಾರಕ್ಕಾಗಿ ರಾಜ್ಯವನ್ನು ವಲಯಗಳಾಗಿ ವಿಂಗಡಿಸಿತು. ಸೇಲಂ ಜಿಲ್ಲೆಯು ಕೊಯಮತ್ತೂರು, ಈರೋಡುಗಳ ಜತೆ ಒಂದನೆಯ ವಲಯಕ್ಕೆ ಸೇರಿತು. ಧರ್ಮಪುರಿಯು ಕೃಷ್ಣಗಿರಿ, ವೆಲ್ಲೂರುಗಳ ಜತೆ ಎರಡನೆಯದಕ್ಕೆ. ವಲಯದೊಳಗೆ ಪಾಸ್ ಬೇಕಿಲ್ಲ, ದಾಟಬೇಕಾದರೆ ಇ-ಪಾಸ್ ಬೇಕು. ಹೀಗೆ ತೊಪ್ಪೂರು ಘಾಟಿ ಒಮ್ಮೆಲೇ ಗಡಿಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಬಸ್ಸುಗಳೂ ಮತ್ತೆ ನಿಂತವು. ಜಿಲ್ಲೆಯಿಂದ ಜಿಲ್ಲೆಗೆ ಅವು ಓಡಿದ್ದು ಸೆಪ್ಟೆಂಬರಿನಲ್ಲಿ. ಬೆಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿಕೊಂಡಿದ್ದ ಗಡಿನಾಡಿನವರಿಗಾದರೋ ಅತ್ತಿಬೆಲೆಯಲ್ಲಿ ಇನ್ನೊಂದು ಗಡಿ ಕಾದಿತ್ತು.

ಲಾಕ್‌ಡೌನಿನ ಮೊದಲ ವಾರಗಳಲ್ಲಿ ಪಾಸ್ ದೊರೆಯುತ್ತಿದ್ದುದು ಮುಖ್ಯವಾಗಿ ಮದುವೆ, ಸಾವು ಮತ್ತು ತುರ್ತು ಚಿಕಿತ್ಸೆಗಳಿಗೆ. ತೊಡಕು ಇದ್ದದ್ದು ‘ತುರ್ತು’ ಎಂಬ ಆ ಒಂದು ಪದದಲ್ಲಿ. ತಿಂಗಳ ಮಾತ್ರೆ ಮುಗಿದವನು ನೋಡುವುದಕ್ಕೆ ಆರೋಗ್ಯವಂತನೇ. ಅವನ ನೋವು ಹೊರಗೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಪಾಸ್ ಕೇಳಲು ಕಾಯಿಲೆಯ ಕಾಗದ ತೋರಿಸಬೇಕಾಗುವುದು ಇನ್ನೊಂದು ಸಂಕಟ. ಜತೆಯಲ್ಲಿ ಉಂಡರೆ ಅಂಟುತ್ತದೆಂಬ ತಪ್ಪು ತಿಳಿವಳಿಕೆ ಇನ್ನೂ ಅಳಿದಿಲ್ಲವಾದ್ದರಿಂದ ಅನೇಕರು ಈ ಕಾಯಿಲೆಯನ್ನು ಮನೆಯವರಿಂದಲೂ ಮುಚ್ಚಿಡುತ್ತಾರೆ. ಆಸ್ಪತ್ರೆ ಮುಟ್ಟಿದರೂ ಅಲ್ಲಿ ಕೊರೊನಾ ರೋಗಿಗಳ ಒತ್ತಡ. ರಕ್ತದಲ್ಲಿನ ವೈರಾಣು ಪ್ರಮಾಣವನ್ನು ಅಳೆಯಲು ಬೇಕಾದ ಪಿಸಿಆರ್ ತಂತ್ರವೇ ಕೊರೊನಾ ಪರೀಕ್ಷೆಗೂ ಬೇಕು.

ಇದಕ್ಕೆ ಪರಿಹಾರವೇ ಇರಲಿಲ್ಲವೆ? ಇತ್ತು. 2020ರ ಮಾರ್ಚ್ 25ರಂದೇ ದೂರವೈದ್ಯಕೀಯ ಮಾರ್ಗಸೂಚಿ ಹೊರಬಂದು, ಫೋನಿನ ಮೂಲಕ ಸಲಹೆ ನೀಡಲು ವೈದ್ಯರಿಗೆ ಸ್ಪಷ್ಟ ನಿಯಮಗಳು ಒದಗಿದವು. ಎಚ್‌ಐವಿ ಬಾಧಿತರಿಗೆ ಹಲವು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ನೀಡುವ ಪದ್ಧತಿ ಇತ್ತು. ಅವರ ಹಕ್ಕುಗಳ ಬೆನ್ನಿಗೆ 2017ರ ಕಾಯಿದೆಯೂ ಇದೆ. ಹೆಪಟೈಟಿಸ್ ರೋಗಿಗಳಿಗೆ ಕಾರ್ಯಕ್ರಮವಿದೆ, ಅಂಥ ಕಾಯಿದೆಯಿಲ್ಲ. 2021ರ ಆಗಸ್ಟ್ 5ರಂದು ಧರ್ಮಪುರಿಯ ನೆರೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ‘ಮಕ್ಕಳೈ ತೇಡಿ ಮರುತ್ತುವಂ’, ಎಂದರೆ ಜನರನ್ನು ಅರಸಿ ಬರುವ ವೈದ್ಯ ಸೇವೆಯನ್ನು ಉದ್ಘಾಟಿಸಿದರು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆ ಮನೆಬಾಗಿಲಿಗೆ ಬರುವುದಾದರೆ ಯಕೃತ್ತಿನ ಮಾತ್ರೆಯೂ ಬರಬಹುದು. ಅದಕ್ಕೆ ಹೊಸ ವ್ಯವಸ್ಥೆ ಬೇಕಿಲ್ಲ, ಪಟ್ಟಿಯಲ್ಲಿ ಒಂದು ಸಾಲು ಬೇಕು.

ಇದು ಕೃಪೆಯ ಮಾತಲ್ಲ. ಸರ್ಕಾರಿ ಆಸ್ಪತ್ರೆಯು ಸಕಾಲಿಕ ಚಿಕಿತ್ಸೆ ನೀಡದಿದ್ದರೆ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಭಂಗವೆಂದು ಸರ್ವೋಚ್ಚ ನ್ಯಾಯಾಲಯವು ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ 1996ರಲ್ಲೇ ತೀರ್ಪಿತ್ತಿದೆ. ಹಣದ ಅಭಾವವು ನೆಪವಾಗದೆಂದೂ ಹೇಳಿದೆ. ಅದು ರೈಲಿನಿಂದ ಬಿದ್ದ ಕೂಲಿಕಾರನ ಪ್ರಕರಣ, ತುರ್ತಿನದೇ. ಆದರೆ ಮಾತ್ರೆ ತಪ್ಪಿದ ರೋಗಿಯೂ ನಾಳೆ ಅದೇ ತುರ್ತು ವಿಭಾಗಕ್ಕೆ ಬರುವವನು.

ಮುಂದಿನ ಸಾಂಕ್ರಾಮಿಕವು ಹೇಳಿಕೇಳಿ ಬರುವುದಿಲ್ಲ. ಚಿಕಿತ್ಸೆಯಲ್ಲಿರುವವರು ತಮ್ಮ ಚೀಟಿ, ಪರೀಕ್ಷಾ ವರದಿಗಳ ನಕಲನ್ನು ಮನೆಯಲ್ಲಿಟ್ಟುಕೊಳ್ಳುವುದು, ಒಂದಕ್ಕಿಂತ ಹೆಚ್ಚು ತಿಂಗಳ ಮಾತ್ರೆ ಕೇಳುವುದು, ತಮ್ಮ ಜಿಲ್ಲೆಯಲ್ಲೇ ಅದು ದೊರೆಯುವುದೇ ಎಂದು ವಿಚಾರಿಸಿಡುವುದು ಒಳಿತು. ದೊರೆಯದಿದ್ದರೆ ಸೋಮವಾರದ ಕುಂದುಕೊರತೆ ದಿನದಂದು ಜಿಲ್ಲಾಧಿಕಾರಿಗೆ ಮನವಿ ಕೊಡಬಹುದು. ತಮಿಳಿನಲ್ಲಿ ಬರೆಯಲು ಬಾರದೆಂದು ಹಿಂಜರಿಯಬೇಕಿಲ್ಲ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಸೇಲಂನ ಮಗ್ಗದ ಕೇರಿಗಳಲ್ಲೂ ಧರ್ಮಪುರಿಯ ಹಳ್ಳಿಗಳಲ್ಲೂ ಮನೆಮಾತಾಗಿರುವ ಕನ್ನಡ ಅಂಥ ಭಾಷೆಯೇ. ಆ ಮನವಿ ಬರೆಯಲು ಸಕಾಲವೆಂದರೆ ಡಬ್ಬಿಯಲ್ಲಿ ಮಾತ್ರೆ ಇನ್ನೂ ಉಳಿದಿರುವಾಗ.