ಗಾಳಿಯ ಲೆಕ್ಕ ಕೇಳಿ, ಆಮೇಲೆ ದುಡ್ಡು ಬಿಚ್ಚಿ!

ಟರ್ಬೊ ಕಾರು ಎಳೆಯುತ್ತಿಲ್ಲವೆಂದು ಗ್ಯಾರೇಜಿಗೆ ಹೋದರೆ ಒಂದೇ ಮಂತ್ರ: "ಏರ್‌ಫ್ಲೋ ಸೆನ್ಸರ್ ಹೋಗಿದೆ ಸಾರ್, ಬದಲಿಸಿ!" ಆಧಾರ? ಸ್ಕ್ಯಾನರಿನಲ್ಲಿ ಗಾಳಿ ಕಡಿಮೆ ತೋರಿಸಿತಂತೆ. ಬರುವ ಗಾಳಿಯೇ ಕಡಿಮೆಯಿದ್ದರೆ ಪಾಪ, ಸೆನ್ಸರ್ ಇನ್ನೇನು ಹೇಳಬೇಕು? ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಮಸುಕಾದರೆ ಮೊದಲು ಶಾಯಿ ನೋಡುತ್ತೇವೆ, ಮೆಷಿನ್ನನ್ನೇ ಗುಜರಿಗೆ ಹಾಕುವುದಿಲ್ಲ.

ಗೆಳೆಯರೇ, ಈ ಸೆನ್ಸರ್ ಇರುವುದು ಏರ್ ಫಿಲ್ಟರಿಗೂ ಟರ್ಬೊಗೂ ನಡುವೆ. ಕಾದ ತಂತಿಯನ್ನು ಗಾಳಿ ಎಷ್ಟು ತಣಿಸುತ್ತದೋ ಅದರ ಮೇಲೆ, ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಒಳಹೋಯಿತೆಂಬ ಲೆಕ್ಕ. 2 ಲೀಟರಿನ ಪೆಟ್ರೋಲ್ ಎಂಜಿನ್ ಬಿಸಿಯಾಗಿ ನಿಂತಲ್ಲೇ ಓಡುವಾಗ ಸುಮಾರು 2ರಿಂದ 4 ಗ್ರಾಂ. 150 ಅಶ್ವಶಕ್ತಿಯದಾದರೆ, ಆಕ್ಸಿಲರೇಟರ್ ಪೂರ್ತಿ ತುಳಿದಾಗ 120ರ ಆಸುಪಾಸು.

ಟರ್ಬೊದಿಂದಾಚೆ ಪೈಪು ಸೀಳಿದ್ದರೆ? ಅಲ್ಲೇ ಇರುವುದು ಕಿತಾಪತಿ! ಅಳೆದ ಗಾಳಿ ಹೊರಗೆ ಸೋರಿಹೋಗುತ್ತದೆ. ಕಾರಿನ ಕಂಪ್ಯೂಟರು ಮಾತ್ರ ಇಲ್ಲದ ಗಾಳಿಗೂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹಿಂದೆ ಕಪ್ಪು ಹೊಗೆ, ಮುಂದೆ ಎಳೆತವಿಲ್ಲ. ಸೆನ್ಸರಿಗೂ ಟರ್ಬೊಗೂ ನಡುವಿನ ಪೈಪು ಸೀಳಿದರೆ ಇದರ ತಿರುಗುಮುರುಗು: ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಅಂಕಿ ಇಳಿಯುತ್ತದೆ. ಫಿಲ್ಟರ್ ಕಟ್ಟಿಕೊಂಡರೂ ಇಳಿಯುತ್ತದೆ. ಡೀಸೆಲ್ ಗಾಡಿಯಲ್ಲಿ ಹೊಗೆಯನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಅಷ್ಟೇ. ಇದರಲ್ಲೆಲ್ಲ ಸೆನ್ಸರಿನ ತಪ್ಪೇನು ಸ್ವಾಮಿ?

ತಂತಿಗೆ ಕೊಳೆ ಮೆತ್ತಿ ಅಂಕಿ ಸುಳ್ಳಾಗುವುದೂ ಉಂಟು. ಅದಕ್ಕೆಂದೇ ತೊಳೆಯುವ ಸ್ಪ್ರೇ ಸಿಗುತ್ತದೆ. ಮೊದಲು ಪೈಪು, ಕ್ಲಿಪ್ಪು ಬಿಚ್ಚಿ ತೋರಿಸು ಎನ್ನಿ, ಹೊಗೆ ಹಾಯಿಸಿ ಸೋರಿಕೆ ಹುಡುಕು ಎನ್ನಿ. ಒಲ್ಲೆ ಎಂದವನ ಕೈಗೆ ಕಾರಿನ ಕೀ ಕೊಡಬೇಡಿ!