ಅಭಿಮಾನ ಯಾರದು, ಧನ ಯಾರದು?

ಈಗಿನ ತರುಣರು ಆತ್ಮರತಿಯಿಂದ ಕೆಟ್ಟರೆಂಬ ಮಾತು ನಮ್ಮ ಸಭೆ ಸಮಾರಂಭಗಳಲ್ಲಿ ಹಾರತುರಾಯಿಗಳಷ್ಟೇ ಖಾಯಮಾಗಿಬಿಟ್ಟಿದೆ. ಕೈಯಲ್ಲೊಂದು ಮೊಬೈಲು, ಮೊಬೈಲಿನಲ್ಲಿ ತಮ್ಮದೇ ಮುಖ, ಮುಖದ ಮೇಲೊಂದು ಸಿದ್ಧ ನಗೆ. ಇಷ್ಟನ್ನು ನೋಡಿದೊಡನೆ ನಮ್ಮ ಹಿರಿಯರು ನಾಡಿ ಹಿಡಿಯದೆಯೇ ರೋಗವನ್ನು ಗುರುತಿಸಿ ಚೀಟಿ ಬರೆದುಕೊಡುತ್ತಾರೆ. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಿಗೆ ಸಿಕ್ಕಿ ೧೧ ಜನ ಸತ್ತಾಗಲೂ ಕೇಳಿಬಂದದ್ದು ಇದೇ ಮಾತು. ‘ಸೆಲ್ಫಿಯ ಹುಚ್ಚು, ಇನ್ನೇನು! ಯಾರು ಹೋಗೆಂದರು?’ ಎಂದು ಓದಿದವರೇ, ಮಕ್ಕಳೊಂದಿಗರೇ ಕೈ ಝಾಡಿಸಿದ್ದನ್ನು ನಾನು ಕೇಳಿದ್ದೇನೆ. ಈ ತೀರ್ಮಾನವನ್ನು ನಾನು ಒಪ್ಪಲಾರೆ. ರೋಗವೇ ಇಲ್ಲವೆಂದು ನನ್ನ ವಾದವಲ್ಲ. ರೋಗಿ ಯಾರೆಂಬುದರಲ್ಲಿ ತಪ್ಪಾಗಿದೆ. ರೋಗಕ್ಕಿಟ್ಟ ಹೆಸರೂ ತಪ್ಪು.

ಹೆಸರಿನ ಮಾತನ್ನೇ ಮೊದಲು ನೋಡೋಣ. ಆತ್ಮರತಿ ಎಂಬುದು ಹಳೆಯ ಮಾತು. ಛಾಂದೋಗ್ಯದಲ್ಲಿಯೂ ಮುಂಡಕದಲ್ಲಿಯೂ ಬರುತ್ತದೆ. ಅಲ್ಲಿ ಅದು ಬೈಗುಳವಲ್ಲ, ಬಿರುದು. ಹೊರಗಿನ ಯಾವುದನ್ನೂ ಬಯಸದೆ ಆತ್ಮದಲ್ಲಿಯೇ ಸಂತೋಷಪಡುವ ಜ್ಞಾನಿ ಅಲ್ಲಿನ ಆತ್ಮರತಿ. ನಮ್ಮ ವಿಮರ್ಶಕರು ಇಂಗ್ಲಿಷಿನ ‘ನಾರ್ಸಿಸಿಸಂ’ ಎಂಬುದಕ್ಕೆ ಸಮಾನಪದ ಹುಡುಕುತ್ತ ಈ ಪಾಪದ ಋಷಿಯನ್ನು ಎಳೆದು ತಂದು ಕನ್ನಡಿಯ ಮುಂದೆ ನಿಲ್ಲಿಸಿದರು. ಹೋಗಲಿ, ಮೂಲದ ಕಥೆಯಾದರೂ ನಮಗೆ ಹೊಂದುತ್ತದೆಯೆ? ರೋಮಿನ ಕವಿ ಓವಿಡ್ ಹೇಳುವಂತೆ ನಾರ್ಸಿಸಸ್ ಕೊಳದಲ್ಲಿ ತನ್ನ ಬಿಂಬವನ್ನು ಕಂಡು ಮರುಳಾದ ಚೆಲುವ. ಅವನಿಗೆ ಯಾರೂ ಬೇಕಾಗಿರಲಿಲ್ಲ, ಬಂದವರನ್ನೆಲ್ಲ ದೂರವಟ್ಟಿದ. ಅವನ ಸುತ್ತ ಜನಜಂಗುಳಿಯಿರಲಿಲ್ಲ, ಅವನು ಅದನ್ನು ಬಯಸಲೂ ಇಲ್ಲ. ಆ ಕಥೆಯಲ್ಲಿ ಇನ್ನೊಬ್ಬಳಿದ್ದಾಳೆ, ಅವಳನ್ನು ನಾವು ಮರೆಯುತ್ತೇವೆ. ಎಕೋ ಎಂದು ಅವಳ ಹೆಸರು. ಸ್ವಂತವಾಗಿ ಮಾತನಾಡುವ ಶಕ್ತಿ ಅವಳಿಗಿಲ್ಲ. ಇನ್ನೊಬ್ಬರ ಮಾತಿನ ಕೊನೆಯನ್ನು ಮತ್ತೆ ನುಡಿಯಬಲ್ಲಳು, ಅಷ್ಟೆ. ಅವನನ್ನು ಮೋಹಿಸಿ, ಅವನಿಂದ ತಿರಸ್ಕೃತಳಾಗಿ, ಕೊರಗಿ ಕೊರಗಿ ಮೈಯೆಲ್ಲ ಸವೆದು ಕಡೆಗೆ ಬರಿಯ ದನಿಯಾಗಿ ಉಳಿದಳು. ನಮ್ಮ ಹುಡುಗರನ್ನು ಕುರಿತು ಕಥೆ ಹೇಳಲೇಬೇಕಾದರೆ ನಾನು ಎಕೋ ಕಡೆಗೆ ಬೆರಳು ತೋರಿಸುತ್ತೇನೆ.

ಇದು ಕಲ್ಪನೆಯಲ್ಲ. ಬಿ.ಎ. ತರಗತಿಯಲ್ಲಿ ‘ನಿಮ್ಮನ್ನು ಕುರಿತು ಒಂದು ಪುಟ ಬರೆಯಿರಿ’ ಎಂದರೆ ಹುಡುಗರು ಊರು, ತಂದೆಯ ಕಸುಬು, ಓದಿದ ಶಾಲೆ ಎಂದು ಐದು ಸಾಲಿಗೆ ನಿಲ್ಲುತ್ತಾರೆ. ‘ಇನ್ನೇನಿದೆ ಸಾರ್ ಬರೆಯೋಕೆ?’ ಎನ್ನುತ್ತಾರೆ. ಮೆಚ್ಚಿನ ನಟನನ್ನೋ ಆಟಗಾರನನ್ನೋ ಕುರಿತು ಬರೆಯಿರೆಂದರೆ ಮೂರು ಪುಟ ತುಂಬುತ್ತದೆ; ಅವನ ಕಾರಿನ ಬೆಲೆ, ಹೆಂಡತಿಯ ಹುಟ್ಟುಹಬ್ಬ, ಕೈಮೇಲಿನ ಹಚ್ಚೆಯ ಅರ್ಥ, ಎಲ್ಲವೂ ಕಂಠಪಾಠ. ತನ್ನ ಬಾಳಿನಲ್ಲಿ ಐದು ಸಾಲಿಗೆ ಮೀರಿ ಏನೂ ಇಲ್ಲವೆಂದು ತಿಳಿದಿರುವವನಿಗೆ ಆತ್ಮರತಿಯೆನ್ನುವುದು ಉಪವಾಸವಿರುವವನಿಗೆ ಅಜೀರ್ಣವೆಂದಂತೆ.

ನಮ್ಮ ಭಾಷೆಯಲ್ಲಿಯೇ ಇದಕ್ಕೊಂದು ಸಾಕ್ಷಿಯಿದೆ. ‘ಅಭಿಮಾನ’ ಎಂಬ ಮಾತನ್ನು ಗಮನಿಸಿ. ಅಮರಕೋಶ ಅದನ್ನು ಗರ್ವ, ಅಹಂಕಾರಗಳ ಸಾಲಿನಲ್ಲಿ ಕೂರಿಸುತ್ತದೆ. ಸಾಂಖ್ಯರಿಗಂತೂ ಅಭಿಮಾನವೇ ಅಹಂಕಾರದ ಲಕ್ಷಣ. ಕನ್ನಡದಲ್ಲಿ ಮಾನಾಭಿಮಾನವೆಂದೆವು, ಸ್ವಾಭಿಮಾನವೆಂದೆವು, ಅಭಿಮಾನಭಂಗವೆಂದೆವು. ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ ಅದು ತನ್ನ ಬೆಲೆಯನ್ನು ತಾನು ಬಲ್ಲವನ ಗುಣ. ರನ್ನನ ಗದಾಯುದ್ಧದ ದುರ್ಯೋಧನ ಅಭಿಮಾನಧನ. ರಾಜ್ಯ ಹೋಗಿ, ತಮ್ಮಂದಿರು ಹೋಗಿ, ಗೆಳೆಯ ಕರ್ಣನೂ ಹೋದಮೇಲೆ ಅವನಲ್ಲಿ ಉಳಿದ ಐಶ್ವರ್ಯ ಅದೊಂದೆ. ಆ ಧನವನ್ನು ಯಾರೂ ಅವನಿಂದ ಕೊಳ್ಳಲಾಗಲಿಲ್ಲ.

ಈಗ ಅಭಿಮಾನಿ ಎಂದರೆ ಯಾರು? ಇನ್ನೊಬ್ಬನ ಹೆಸರನ್ನು ಎದೆಯ ಮೇಲೆ ಬರೆಸಿಕೊಂಡವನು. ಮಾತು ಅದೇ ಇದೆ, ಒಡೆಯ ಬದಲಾಗಿದ್ದಾನೆ. ತನ್ನಲ್ಲಿರಬೇಕಾದ್ದನ್ನು ಇನ್ನೊಬ್ಬನಲ್ಲಿ ಠೇವಣಿಯಿಟ್ಟು ಬಡ್ಡಿಗಾಗಿ ಕಾಯುವವನು ಈಗಿನ ಅಭಿಮಾನಿ. ರಾಜಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ಠೇವಣಿಯನ್ನು ಮಾತಿನಲ್ಲಾದರೂ ಹಿಂದಿರುಗಿಸಿದ ಸೌಜನ್ಯ ಅದು. ಆದರೂ ೨೦೦೬ರ ಏಪ್ರಿಲಿನಲ್ಲಿ ಅವರು ತೀರಿಕೊಂಡಾಗ ಬೆಂಗಳೂರಿನ ಬೀದಿಗಳಲ್ಲಿ ಹಲವರ ಪ್ರಾಣ ಹೋಯಿತೆಂಬುದನ್ನೂ ಮರೆಯಬಾರದು. ಹಿಂದಿನ ಕಾಲವೇ ಚಿನ್ನವೆಂದು ಹಾಡುವ ಚಾಳಿ ನನಗಿಲ್ಲ. ಇತ್ತೀಚಿನ ಸಂಗತಿಯೆಂದರೆ ೨೦೨೪ರದು. ಕೊಲೆಯ ಆರೋಪದ ಮೇಲೆ ಸೆರೆಮನೆಗೆ ಹೋದ ನಟನೊಬ್ಬನಿಗೆ ಅಲ್ಲಿ ಕೊಟ್ಟ ೬೧೦೬ ಎಂಬ ಸಂಖ್ಯೆಯನ್ನು ಜನ ವಾಹನಗಳ ಮೇಲೆ ಬರೆಸಿಕೊಂಡರು. ಒಂದು ಹಸುಗೂಸಿಗೆ ಕೈದಿಯ ಉಡುಪು ತೊಡಿಸಿ, ಆ ಸಂಖ್ಯೆ ಹಾಕಿ, ಫೋಟೋ ತೆಗೆಸಿದರು. ಆರೋಪದ ನಿಜ ಸುಳ್ಳು ನ್ಯಾಯಾಲಯಕ್ಕೆ ಬಿಟ್ಟದ್ದು. ನಾನು ಕೇಳುವುದು ಆ ಕೂಸಿನ ಮಾತು. ಹೆಸರಿಡುವ ವಯಸ್ಸಿನಲ್ಲಿ ಅದಕ್ಕೆ ಇನ್ನೊಬ್ಬರ ಸಂಖ್ಯೆಯನ್ನು ಇಟ್ಟರಲ್ಲ!

ಠೇವಣಿಯೆಂದೆನಷ್ಟೆ, ಇದು ಉಪಮಾನ ಮಾತ್ರವಲ್ಲ, ಲೆಕ್ಕದ ಪುಸ್ತಕದ ಮಾತೂ ಹೌದು. ಕ್ರಿಕೆಟ್ ಮಂಡಳಿ ೨೦೨೩ರಿಂದ ೨೦೨೭ರವರೆಗಿನ ಐದು ವರ್ಷಗಳ ಐ.ಪಿ.ಎಲ್. ಪ್ರಸಾರದ ಹಕ್ಕನ್ನು ಮಾರಿದ್ದು ೪೮,೩೯೦ ಕೋಟಿ ರೂಪಾಯಿಗೆ. ಮಾರಿದ್ದು ಏನನ್ನು? ಚೆಂಡನ್ನಲ್ಲ, ದಾಂಡನ್ನಲ್ಲ. ನೋಡುವ ಕಣ್ಣುಗಳನ್ನು. ಸಂಜೆ ಏಳೂವರೆಗೆ ಟೆಲಿವಿಷನ್ನಿನ ಮುಂದೆ ಕೂರುವ ನಮ್ಮ ನಿಮ್ಮ ಕಣ್ಣುಗಳಿಗೆ ಕಟ್ಟಿದ ಬೆಲೆ ಅದು. ಅಭಿಮಾನ ನಮ್ಮದು, ಧನ ಅವರದು. ರನ್ನನ ಸಮಾಸವನ್ನು ಈ ಕಾಲ ಬಿಡಿಸಿಟ್ಟ ರೀತಿ ಹೀಗೆ.

ಈ ವಿದ್ಯೆಯನ್ನು ಬೆಂಗಳೂರಿಗೆ ಚೆನ್ನಾಗಿ ಕಲಿಸಿದವರು ವಿಜಯ ಮಲ್ಯ. ಅವರ ತಂದೆ ವಿಠ್ಠಲ ಮಲ್ಯರ ಹೆಸರಿನಲ್ಲಿ ನಗರದ ನಡುವೆ ಒಂದು ರಸ್ತೆಯಿದೆ. ಮಗ ಆ ಬಳಿಯಲ್ಲೇ, ಹಳೆಯ ಮನೆಯಿದ್ದ ಜಾಗದಲ್ಲಿ, ಮೂವತ್ತಕ್ಕೂ ಹೆಚ್ಚು ಅಂತಸ್ತಿನ ಗೋಪುರವೇಳಿಸಿ ಅದರ ನೆತ್ತಿಯ ಮೇಲೆ ಬಂಗಲೆ ಕಟ್ಟಿಸಿದರು. ದೇವಸ್ಥಾನಕ್ಕೆ ಕಲಶವಿದ್ದಂತೆ ಅದು ದೂರಕ್ಕೆ ಕಾಣುತ್ತದೆ, ಕಾಣಲೆಂದೇ ಕಟ್ಟಿದ್ದು. ಬಿಯರಿನ ಹೆಸರಿನಲ್ಲಿ ೨೦೦೫ರಲ್ಲಿ ವಿಮಾನ ಹಾರಿಸಿದರು. ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಕತ್ತಿಯನ್ನು ಕೊಂಡು, ೨೦೦೪ರಲ್ಲಿ, ಚುನಾವಣೆಯ ಕಾಲಕ್ಕೆ ಸರಿಯಾಗಿ, ಆ ಸುದ್ದಿಯನ್ನು ಹೊರಗೆಡಹಿದರು. ೨೦೦೯ರಲ್ಲಿ ನ್ಯೂಯಾರ್ಕಿನಲ್ಲಿ ೧೮ ಲಕ್ಷ ಡಾಲರ್ ಕೊಟ್ಟು ಗಾಂಧೀಜಿಯ ಕನ್ನಡಕ, ಚಪ್ಪಲಿಗಳನ್ನು ಕೊಂಡರು. ಮದ್ಯದ ವ್ಯಾಪಾರದ ಹಣದಲ್ಲಿ ಗಾಂಧಿಯ ಕನ್ನಡಕ! ಗಾಂಧೀಜಿ ಇದ್ದಿದ್ದರೆ ಬಹುಶಃ ನಕ್ಕುಬಿಡುತ್ತಿದ್ದರು. ನಮಗೆ ನಗು ಬರಲಿಲ್ಲ. ಕರ್ನಾಟಕದ ಶಾಸಕರು ಅವರನ್ನು ಎರಡು ಸಲ ರಾಜ್ಯಸಭೆಗೆ ಕಳುಹಿಸಿದ್ದರು.

ಆ ವಿಮಾನಗಳು ೨೦೧೨ರ ಅಕ್ಟೋಬರಿನಲ್ಲಿ ನೆಲಕ್ಕಿಳಿದು ಮತ್ತೆ ಏಳಲಿಲ್ಲ. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಹೀಗಿರುವಲ್ಲಿ, ೨೦೧೫ರ ಡಿಸೆಂಬರಿನಲ್ಲಿ, ಗೋವೆಯ ಬಂಗಲೆಯಲ್ಲಿ ಯಜಮಾನರ ಅರವತ್ತನೆಯ ಹುಟ್ಟುಹಬ್ಬ. ಹಾಡಲಿಕ್ಕೆ ಎನ್ರಿಕೆ ಇಗ್ಲೇಸಿಯಸ್. ೨೦೧೬ರ ಮಾರ್ಚ್ ೨ರಂದು, ಬ್ಯಾಂಕುಗಳ ಸಾವಿರಾರು ಕೋಟಿ ಬಾಕಿಯಿರುವಾಗಲೇ, ದೇಶ ಬಿಟ್ಟರು. ೨೦೧೯ರ ಜನವರಿಯಲ್ಲಿ ನ್ಯಾಯಾಲಯ ಅವರನ್ನು ಪರಾರಿಯಾದ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ಇದೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. ನಾವು ಅಷ್ಟಾಗಿ ಯೋಚಿಸದ ಸಂಗತಿಯೆಂದರೆ ಅವರು ನಮಗೆ ಬಿಟ್ಟುಹೋದ ಆಸ್ತಿ. ೨೦೦೮ರಲ್ಲಿ ೧೧ ಕೋಟಿ ೧೬ ಲಕ್ಷ ಡಾಲರ್ ಕೊಟ್ಟು ಅವರು ಕೊಂಡ ಕ್ರಿಕೆಟ್ ತಂಡವೇ ಅದು. ಅದಕ್ಕೆ ತಮ್ಮ ಒಂದು ವಿಸ್ಕಿಯ ಹೆಸರನ್ನಿಟ್ಟರು. ಟೆಲಿವಿಷನ್ನಿನಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವುಂಟು. ತಂಡದ ಹೆಸರಿಗೆ ಇಲ್ಲ. ಅಂದಿನಿಂದ ಮನೆಯ ಮಕ್ಕಳೂ ಅಜ್ಜಿಯರೂ ಒಂದು ಸೀಸೆಯ ಹೆಸರನ್ನು ಊರಿನ ಹೆಸರಿನೊಡನೆ ಸೇರಿಸಿ ಕೂಗುತ್ತಿದ್ದಾರೆ. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆಯಲ್ಲಿರುವ ‘ನಮ್ಮ’ ಎಂಬ ಸರ್ವನಾಮ ಯಾರಿಗೆ ಸಲ್ಲುತ್ತದೆಂದು ವ್ಯಾಕರಣ ಪಾಠ ಹೇಳುವ ನಾನು ಎಷ್ಟೋ ಸಲ ಯೋಚಿಸಿದ್ದುಂಟು. ೨೦೨೫ರಲ್ಲಿ ಕಪ್ ಬಂದಾಗ ತಂಡದ ಒಡೆತನ ಒಂದು ಮದ್ಯದ ಕಂಪೆನಿಯದಾಗಿತ್ತು.

ಹಾಗೆಂದ ಮಾತ್ರಕ್ಕೆ ಜನರ ಸಂತೋಷ ಸುಳ್ಳೆ? ಕೆಲಸಕ್ಕೆ ಹೋಗಿ ದಣಿದವರು ಒಂದು ಸಂಜೆ ಕುಣಿದರೆ ಮೇಷ್ಟರಿಗೇಕೆ ಹೊಟ್ಟೆಯುರಿ? ಆಕ್ಷೇಪಣೆ ನ್ಯಾಯವಾದದ್ದು. ಆಟ ಕ್ರಿಕೆಟ್ಟಾದ್ದರಿಂದ ಕ್ರಿಕೆಟ್ಟಿನಿಂದಲೇ ಉತ್ತರ ಹೇಳುತ್ತೇನೆ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರಿದ್ದ ಕರ್ನಾಟಕ ತಂಡ ೧೯೭೪ರಲ್ಲಿ ಬೊಂಬಾಯಿಯನ್ನು ಇದೇ ಬೆಂಗಳೂರಿನಲ್ಲಿ ಹಿಂದಿಕ್ಕಿ ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು. ೨೦೧೪ರಲ್ಲಿ ಗೆದ್ದೆವು, ೨೦೧೫ರಲ್ಲಿ ಮತ್ತೆ ಗೆದ್ದೆವು. ಅಲ್ಲಿಗೆ ಎಂಟು ಸಲ. ಆಡಿದವರು ಈ ನಾಡಿನವರು, ತಂಡದ ಹೆಸರು ಈ ನಾಡಿನದು. ೨೦೧೫ರಲ್ಲಿ ವಿಧಾನಸೌಧದ ಸುತ್ತ ಎಷ್ಟು ಲಕ್ಷ ಜನ ಸೇರಿದ್ದರೆಂದು ವಾಚಕರೇ ನೆನಪುಮಾಡಿಕೊಳ್ಳಲಿ. ಆಟದ ಪ್ರೀತಿಯಾಗಿದ್ದರೆ, ನಾಡಿನ ಪ್ರೀತಿಯಾಗಿದ್ದರೆ, ಆಗಲೂ ಕಾಲು ಬೀದಿಗಿಳಿಯಬೇಕಿತ್ತು. (೨೦೨೫ರ ಜೂನಿಗೆ ಎರಡು ವಾರ ಮುಂಚೆ ಬಾನು ಮುಷ್ತಾಕರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂತು. ಸಾಹಿತಿಗೂ ಮೂರು ಲಕ್ಷ ಜನ ಸೇರಬೇಕಿತ್ತೆಂದು ನಾನು ಹೇಳುವುದಿಲ್ಲ. ಸೇರಿದ್ದರೆ ಸಾಹಿತಿಗಳೂ ಕೆಡುತ್ತಿದ್ದರು.) ಬೀದಿಗಿಳಿಸಿದ್ದು ಹದಿನೆಂಟು ವರ್ಷ ಹಣ ಸುರಿದು ಬೆಳೆಸಿದ ಒಂದು ಹಸಿವು. ಪ್ರಸಿದ್ಧರಿರುವ ಜಾಗದಲ್ಲಿ ನಾನೂ ಇದ್ದೆ ಎಂದು ಹೇಳಿಕೊಳ್ಳದಿದ್ದರೆ ನಾನು ಇದ್ದದ್ದೇ ಸುಳ್ಳು ಎಂಬ ಹಸಿವು.

ಈಗ ಜೂನ್ ೪ಕ್ಕೆ ಬರೋಣ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬಿನ ತಂಡದ ಮೇಲೆ ಆರು ಓಟಗಳ ಗೆಲುವು. ಮರುದಿನವೇ ಮೆರವಣಿಗೆಯೆಂದು ತಂಡದವರು ಜಾಲತಾಣಗಳಲ್ಲಿ ಜನರನ್ನು ಕರೆದರು. ಪೊಲೀಸರ ಒಪ್ಪಿಗೆಯಿಲ್ಲದೆ ಕರೆದರೆಂದು ಸರ್ಕಾರ ಆಮೇಲೆ ಹೈಕೋರ್ಟಿಗೆ ಹೇಳಿತು. ಆದರೆ ಅದೇ ಸಂಜೆ ಅದೇ ಸರ್ಕಾರವೇ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನವಿಟ್ಟುಕೊಂಡಿತ್ತಲ್ಲ! ಕ್ರೀಡಾಂಗಣ ಹಿಡಿಸುವುದು ೩೫,೦೦೦ ಜನ. ಬಂದವರು ಎರಡು ಮೂರು ಲಕ್ಷವೆಂದು ಮುಖ್ಯಮಂತ್ರಿಗಳೇ ಹೇಳಿದರು. ಕೆಲವು ಬಾಗಿಲು ಮುಚ್ಚಿತ್ತು, ಕೆಲವು ಅರ್ಧ ತೆರೆದಿತ್ತು. ಸತ್ತವರಲ್ಲಿ ಹೆಚ್ಚಿನವರು ಮೂವತ್ತು ದಾಟದವರು. ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಆ ಸಂಜೆ ಒಳಗೆ ಕಪ್ ಎತ್ತಿ ತೋರಿಸುವುದೂ ನಡೆಯಿತು. ಸುದ್ದಿ ತಿಳಿದೊಡನೆ ಮೊಟಕು ಮಾಡಿದೆವೆಂದರು.

ವಿಧಾನಸೌಧದ ಮೆಟ್ಟಿಲ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಆಟಗಾರರಿಗಿಂತ ಅವರ ಪಕ್ಕದಲ್ಲಿ ನಿಂತವರೇ ಹೆಚ್ಚು. ಮಂತ್ರಿಗಳು, ಅಧಿಕಾರಿಗಳು, ಅವರ ಮಕ್ಕಳು ಮೊಮ್ಮಕ್ಕಳು, ಎತ್ತಿ ಹಿಡಿದ ಮೊಬೈಲುಗಳು. ಈಗ ಹೇಳಿ, ಸೆಲ್ಫಿಯ ಹುಚ್ಚು ಯಾರದು? ಮೆಟ್ಟಿಲ ಮೇಲಿನವರ ಹಂಬಲವೂ ಬಾಗಿಲಲ್ಲಿ ಸಿಕ್ಕಿದವರ ಹಂಬಲವೂ ಒಂದೇ. ವ್ಯತ್ಯಾಸವೆಂದರೆ ಮೇಲಿನವರಿಗೆ ಪೊಲೀಸರ ಕಾವಲಿತ್ತು, ಕೆಳಗಿನವರಿಗೆ ಇರಲಿಲ್ಲ. ಮೇಲೆ ನಿಂತವರು ಆಮೇಲೆ ಸಂತಾಪ ಸೂಚಿಸಿದರು, ಕೆಲವು ಪೊಲೀಸ್ ಅಧಿಕಾರಿಗಳನ್ನು ಅಮಾನತು ಮಾಡಿದರು, ಪರಿಹಾರದ ಮೊತ್ತವನ್ನು ಹತ್ತರಿಂದ ಇಪ್ಪತ್ತೈದು ಲಕ್ಷಕ್ಕೆ ಏರಿಸಿದರು. ನಮ್ಮ ಹಿರಿಯರು ವೇದಿಕೆಗಳಿಂದ ಹುಡುಗರ ಆತ್ಮರತಿಯನ್ನು ಖಂಡಿಸಿದರು.

ಕಾಲೇಜುಗಳೇನು ಇದಕ್ಕೆ ಹೊರತಲ್ಲ. ವಾರ್ಷಿಕೋತ್ಸವಕ್ಕೆ ನಟನೊಬ್ಬನನ್ನು ಕರೆಸಿ, ಅವನು ಬರುವವರೆಗೆ ಮೂರು ಗಂಟೆ ಕಾದು, ವರ್ಷವಿಡೀ ಓದಿ ಪದಕ ಗಳಿಸಿದ ಹುಡುಗಿಯನ್ನು ಅರ್ಧ ನಿಮಿಷ ವೇದಿಕೆಗೆ ಹತ್ತಿಸಿ ಇಳಿಸುವ ಸಮಾರಂಭಗಳನ್ನು ನಾನು ಕಂಡಿದ್ದೇನೆ. ಆ ಹುಡುಗಿ ಮನೆಗೊಯ್ದ ಫೋಟೋದಲ್ಲಿ ಪದಕ ಕಾಣುವುದಿಲ್ಲ, ನಟ ಕಾಣುತ್ತಾನೆ. ಮನೆಯವರೂ ಅದನ್ನೇ ಗೋಡೆಗೆ ಹಾಕುತ್ತಾರೆ. ಐದು ಸಾಲಿನ ಆತ್ಮಕಥೆಯನ್ನು ನಾವು ಕಲಿಸುವುದು ಹೀಗೆ.

ಸರ್ಕಾರಕ್ಕೆ ನನ್ನ ಬೇಡಿಕೆ ಚಿಕ್ಕದು. ಖಾಸಗಿ ಕಂಪೆನಿಯ ತಂಡಕ್ಕೆ ವಿಧಾನಸೌಧದ ಮೆಟ್ಟಿಲನ್ನು ಇನ್ನೊಮ್ಮೆ ಕೊಡುವುದಾದರೆ, ಅಲ್ಲಿ ಯಾರು ಯಾರು ನಿಲ್ಲುತ್ತಾರೆ, ಅವರಲ್ಲಿ ಎಷ್ಟು ಜನ ಮಂತ್ರಿಗಳ ಮನೆಯವರು ಎಂಬ ಪಟ್ಟಿಯನ್ನು ಮುನ್ನಾದಿನವೇ ಪತ್ರಿಕೆಗಳಲ್ಲಿ ಪ್ರಕಟಿಸಲಿ. ಪಕ್ಕದಲ್ಲೇ ಕ್ರೀಡಾಂಗಣದ ಎಷ್ಟು ಬಾಗಿಲು, ಎಷ್ಟು ಹೊತ್ತಿಗೆ, ಎಷ್ಟು ಅಗಲಕ್ಕೆ ತೆರೆದಿರುತ್ತವೆ ಎಂಬುದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ.