ನಮ್ಮ ಪ್ರಶ್ನೆ ನಮ್ಮದೇ ಇರಲಿ

ಪಿಎಚ್‌ಡಿಗೆ ಅರ್ಜಿ ಹಾಕೋ ನಮ್ಮ ಹುಡುಗ್ರಿಗೆ ಹೋದಲ್ಲೆಲ್ಲಾ ಒಂದೇ ಮಾತು: 'ನಿಮ್ಮ ಜನರ ಬಗ್ಗೆ ನೀವೇ ಬರೆದರೆ ವಸ್ತುನಿಷ್ಠತೆ ಇರಲ್ಲ.'

ಸರಿ ಸ್ವಾಮಿ, ಒಂದು ಕೇಳ್ತೀನಿ. ಎಂ.ಎನ್. ಶ್ರೀನಿವಾಸ್ ಅವರು ರಾಂಪುರದ ಬಗ್ಗೆ ಸಿದ್ಧ ಮಾಡಿದ್ದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸುಟ್ಟುಹೋದವು. ನೆನಪಿನಿಂದಲೇ ಪುಸ್ತಕ ಬರೆದರು. ಅದು ಸಮಾಜಶಾಸ್ತ್ರದ ದೊಡ್ಡ ಕೃತಿ ಆಯ್ತು. ಆಗಲಿ, ತಕರಾರಿಲ್ಲ. ಆದರೆ ಅವರ ನೆನಪು ಶಾಸ್ತ್ರ, ನಮ್ಮ ಕೇರಿಯ ನೆನಪು ಬರೀ ಗೋಳು ಅಂದ್ರೆ ಇದ್ಯಾವ ನ್ಯಾಯ?

ಆಟ ನಡೆಯೋದು ಸಿನಾಪ್ಸಿಸ್ ಹಂತದಲ್ಲೇ. ನಮ್ಮ ಹುಡುಗಿ ಒಂದು ಪ್ರಶ್ನೆ ಹಿಡ್ಕೊಂಡು ಹೋಗ್ತಾಳೆ: 'ಪಿಟಿಸಿಎಲ್ ಕಾಯ್ದೆಯಡಿ ಜಮೀನು ವಾಪಸ್ ಕೊಡಿ ಅಂತ ಆದೇಶ ಆದಮೇಲೆ ಹರಿಹರ ತಾಲ್ಲೂಕಿನಲ್ಲಿ ಎಷ್ಟು ಕುಟುಂಬಕ್ಕೆ ಸ್ವಾಧೀನ ಸಿಕ್ತು? ಸಿಗದಿದ್ದರೆ ತಡೆದವರು ಯಾರು?' ತಿದ್ದಿಸ್ಕೊಂಡು ವಾಪಸ್ ಬರೋವಾಗ ಅದು 'ದಾವಣಗೆರೆ ಜಿಲ್ಲೆಯ ದಲಿತರ ಸಾಮಾಜಿಕ-ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ' ಆಗಿರುತ್ತೆ. ಮೊದಲನೇದರಲ್ಲಿ ಉತ್ತರ ಕೊಡಬೇಕಾದವರು ಇದ್ದಾರೆ. ಎರಡನೇದರಲ್ಲಿ ಬರೀ ನಾವು, ನೋಡೋ ವಸ್ತುವಾಗಿ.

ಬಾಬಾಸಾಹೇಬರು 1916ರ ಮೇ 9ರಂದು ಕೊಲಂಬಿಯಾದಲ್ಲಿ ಪ್ರಬಂಧ ಓದಿದಾಗ ಅವರಿಗೆ 25 ವರ್ಷ. ಅಸ್ಪೃಶ್ಯರ ಸ್ಥಿತಿಗತಿಯ ಪಟ್ಟಿ ಕೊಡಲಿಲ್ಲ. ಜಾತಿ ಹುಟ್ಟಿದ್ದು ಹೇಗೆ, ಉಳಿದಿದ್ದು ಹೇಗೆ ಅಂತ ಕೇಳಿದರು. ಸ್ವಜಾತಿ ಮದುವೆಯೇ ಅದರ ಬೇರು ಅಂತ ತೋರಿಸಿದರು.

ಹಂಗಾಗಿ ಆನೆಕೊಂಡದ ತಮ್ಮಂದಿರೇ, ತಂಗಿಯರೇ, ಪ್ರಸ್ತಾವ ಗಟ್ಟಿ ಮಾಡ್ರಿ. ಪ್ರಶ್ನೆ ಒಂದೇ ಸಾಲಿನಲ್ಲಿರಲಿ. ಕಾಲದ ಗಡಿ ಹಾಕ್ರಿ: ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದ 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ, ಕಾಲಮಿತಿ ತೆಗೆದ 2023ರ ತಿದ್ದುಪಡಿವರೆಗೆ. ಆಧಾರ ಎಲ್ಲಿದೆ ಅಂತ ಬರೀರಿ: ಉಪವಿಭಾಗಾಧಿಕಾರಿ ಆದೇಶ, ಪಹಣಿ, ಮ್ಯುಟೇಷನ್. ಸಿಗದಿದ್ದರೆ ಆರ್‌ಟಿಐ. ಆಮೇಲೆ ಆ ಕುಟುಂಬಗಳ ಮಾತು. ನಾನು ದಿನಾ ಫೈಲು ನೋಡೋ ಗುಮಾಸ್ತ. ಫೈಲಿನಲ್ಲಿ ತಾರೀಖು ಇರುತ್ತೆ, ಸಹಿ ಇರುತ್ತೆ. ಅದನ್ನ ಯಾರೂ ಭಾವುಕತೆ ಅನ್ನೋಕಾಗಲ್ಲ.

ಸಂದರ್ಶನದಲ್ಲಿ ನೋಡಬೇಕಾದ್ದನ್ನ ಯುಜಿಸಿಯ 2016ರ ನಿಯಮವೇ ಹೇಳಿತ್ತು: ಅಭ್ಯರ್ಥಿಗೆ ಸಾಮರ್ಥ್ಯ ಇದೆಯಾ, ಆ ಸಂಸ್ಥೆಯಲ್ಲಿ ಈ ಕೆಲಸ ಸಾಧ್ಯನಾ, ಹೊಸ ಜ್ಞಾನ ಬರುತ್ತಾ. ಇಂಗ್ಲಿಷಿನ ಉಚ್ಚಾರ ಆ ಪಟ್ಟಿಯಲ್ಲಿಲ್ಲ. ಅಡ್ಡಹೆಸರೂ ಇಲ್ಲ.

ಸಂಘಟನೆಗಳ ಹಿರಿಯರೇ, ಏಪ್ರಿಲ್ 14ರ ಫ್ಲೆಕ್ಸಿನ ದುಡ್ಡಲ್ಲಿ ಒಂದು ಪಾಲು ಈ ಮಕ್ಕಳ ಜೆರಾಕ್ಸಿಗೆ, ಬಸ್ ಚಾರ್ಜಿಗೆ ಕೊಡ್ರಿ. ಭಾನುವಾರ ಎರಡು ತಾಸು ಕೂತು ಅವರ ಸಿನಾಪ್ಸಿಸ್ ಓದ್ರಿ. 'ಶಿಕ್ಷಣ, ಸಂಘಟನೆ, ಹೋರಾಟ' ಅನ್ನೋದರಲ್ಲಿ ಮೊದಲನೇ ಪದ ಯಾವುದು ಅಂತ ಮರೀಬ್ಯಾಡ್ರಿ.

ಜೈ ಭೀಮ್.